ಬ್ರೇಕ್ ಇಲ್ಲದ ಸೈಕಲ್ಲು

ಬಸ್ ಓಡಿಸುವ ಆ ತಾಯಿಗೆ ಡಿಪೋದವರು ಇಟ್ಟ ಹೆಸರು ‘ತುಳುಕದಕ್ಕ’. ಅವಳು ಬ್ರೇಕ್ ಹಾಕಿದರೆ ನಿಂತವರ ಕೈಯ ಕಾಫಿಯೂ ತುಳುಕುವುದಿಲ್ಲವಂತೆ. ಆ ಹೆಸರು ಬಿಟ್ಟಿ ಬಂದದ್ದಲ್ಲ, ಹಾಗಾಗಿ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಬೇಕಾದ್ದೇ. ಅಂಥವಳನ್ನು ಮಗಳು ಅಂಗಡಿಗೆ ಕರೆತಂದು ಬ್ರೇಕೇ ಇಲ್ಲದ ಸೈಕಲ್ಲಿನ ಮುಂದೆ ನಿಲ್ಲಿಸಿದಳು.

ಇಷ್ಟು ದಿನ ಮಗಳು ಕ್ಲಬ್ಬಿನ ಸೈಕಲ್ಲಿನಲ್ಲೇ ಟ್ರ್ಯಾಕ್ ರೇಸ್ ಕಲಿತಿದ್ದಳು. ತಂಡಕ್ಕೆ ಸೇರಲು ಸ್ವಂತದ್ದು ಬೇಕು, ಅದಕ್ಕೆ ಅಮ್ಮ ಒಪ್ಪಬೇಕು. ಬ್ರೇಕಿನ ವಿಷಯದಲ್ಲಿ ಮಾತ್ರ ಮಗಳು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

“ಬ್ರೇಕ್ ಎಲ್ರೀ?” ಎಂದಳು ತುಳುಕದಕ್ಕ.

“ಇದಕ್ಕೆ ಇರಲ್ಲಮ್ಮ,” ಎಂದ ಅಂಗಡಿಯವನು. “ಚಕ್ರ ತಿರುಗ್ತಿರೋವರೆಗೂ ಪೆಡಲ್ಲೂ ತಿರುಗ್ತಾನೇ ಇರುತ್ತೆ. ನಿಧಾನ ಮಾಡ್ಬೇಕಂದ್ರೆ ಕಾಲಲ್ಲೇ ತಡೀಬೇಕು.”

“ನಡಿಯೇ ಮನೆಗೆ!”

ಮಗಳು ಅಲ್ಲಾಡಲಿಲ್ಲ. “ಅಮ್ಮ, ನಿನ್ನ ಬಸ್ ಹಿಂದೆ ಗಾಡಿ ಅಂಟ್ಕೊಂಡು ಬರ್ತಿದ್ರೆ ಏನ್ಮಾಡ್ತೀಯ?”

“ದಿಢೀರಂತ ಬ್ರೇಕ್ ಒತ್ತಲ್ಲ. ಒತ್ತಿದ್ರೆ ಅವನು ಬಂದು ಗುದ್ದುತ್ತಾನೆ.”

“ಟ್ರ್ಯಾಕಲ್ಲಿ ನಾವೆಲ್ಲ ಅಂಟ್ಕೊಂಡೇ ಹೋಗ್ತೀವಿ. ಒಬ್ಬರು ಬ್ರೇಕ್ ಹಿಡಿದ್ರೆ ಹಿಂದಿರೋರೆಲ್ಲ ನೆಲಕ್ಕೆ.”

ತುಳುಕದಕ್ಕನ ಪಾಠ ಅವಳಿಗೇ ತಿರುಗಿ ಬಂದಿತ್ತು. ಸಿಟ್ಟೂ ಬಂತು, ಒಳಗೊಳಗೇ ಖುಷಿಯೂ ಆಯಿತು.

ಹೊಳೆಯುವ ಕಪ್ಪು ಸೈಕಲ್ಲನ್ನು ಮಗಳು ಹತ್ತಿ ನೋಡಿ ಬಿಟ್ಟುಬಿಟ್ಟಳು. ಹ್ಯಾಂಡಲ್ಲಿಗೆ ತೀರಾ ಚಾಚಬೇಕಿತ್ತು. ಸಾದಾ ನೀಲಿಯದನ್ನು ಹತ್ತಿ, ಸೀಟು ಒಂದಿಷ್ಟು ಇಳಿಸಿ, ಮತ್ತೆ ಒಂದು ಕೂದಲೆಳೆ ಏರಿಸಿ, ತಲೆಯಾಡಿಸಿದಳು. ಬೇರೆಯವರ ಬಸ್ ಓಡಿಸಲು ಹತ್ತಿದಾಗ ತುಳುಕದಕ್ಕ ಮಾಡುವುದೂ ಇದನ್ನೇ.

“ನೂಲಿನಂತೆ ಸೀರೆ,” ಎಂದು ನಕ್ಕ ಅಂಗಡಿಯವನು.

“ಹೆಲ್ಮೆಟ್ ಮಾತ್ರ ನಾನೇ ಆರಿಸೋದು,” ಎಂದಳು ತಾಯಿ. ಒಂದೊಂದನ್ನೂ ಹಾಕಿಸಿ, ತಲೆ ಅಲ್ಲಾಡಿಸಿ, ಗಲ್ಲದ ಪಟ್ಟಿ ಜಗ್ಗಿ, ಅಂಗಡಿಯವನ ಪ್ರಾಣ ಹಿಂಡಿದಳು. ಮಗಳ ಕುತ್ತಿಗೆಗೆ ಸಾಕಾಗಿ ಹೋಯಿತು.

ಭಾನುವಾರ ತುಳುಕದಕ್ಕ ರಜೆ ಹಾಕಿ ಮೊದಲ ಸಲ ಟ್ರ್ಯಾಕಿಗೆ ಬಂದಳು. ತಿರುವುಗಳು ಗೋಡೆಯಂತೆ ಎದ್ದು ನಿಂತಿದ್ದವು. ಸೈಕಲ್ಲುಗಳು ಒಂದರ ಬೆನ್ನಿಗೊಂದು ಅಂಟಿ ಹಾರುತ್ತಿದ್ದರೆ ಇವಳ ಬಲಗಾಲು ಗ್ಯಾಲರಿಯ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು.

ಇದ್ದಕ್ಕಿದ್ದಂತೆ ಮುಂದಿದ್ದ ಹುಡುಗಿ ನಿಧಾನಿಸಿದಳು. ತುಳುಕದಕ್ಕನ ಕಾಲು ನೆಲವನ್ನು ಇನ್ನಷ್ಟು ಒತ್ತಿತು. ನೀಲಿ ಸೈಕಲ್ಲು ಮಾತ್ರ ಗಾಬರಿಯಾಗಲಿಲ್ಲ. ಇಳಿಜಾರಿನಲ್ಲಿ ತುಸು ಮೇಲಕ್ಕೇರಿ ಅಲ್ಲೇ ವೇಗ ಕಳೆದು, ಮೆತ್ತಗೆ ಸಾಲಿಗೆ ಇಳಿಯಿತು. ಹಿಂದಿದ್ದವರಿಗೆ ಏನಾಯಿತೆಂಬುದೇ ತಿಳಿಯಲಿಲ್ಲ.

“ಯಾರಮ್ಮ ಆ ಹುಡುಗಿ?” ಪಕ್ಕದವರು ಕೇಳಿದರು.

“ನನ್ ಮಗಳು,” ಎಂದಳು, ಮೂರು ಸಾಲಿಗೆ ಕೇಳುವ ಹಾಗೆ.

ಒತ್ತಿ ಹಿಡಿದಿದ್ದ ಕಾಲು ಸಡಿಲಾಯಿತು. ಆಮೇಲೆ ತಾನಾಗಿಯೇ ಕೊಂಚ ಬಲಕ್ಕೆ ಸರಿದು, ಬಸ್ಸಿನಲ್ಲಿ ಆಕ್ಸಿಲರೇಟರ್ ಇರುವ ಜಾಗವನ್ನು ಒತ್ತಿತು.