ಅಂಕದ ಪರದೆಗೆ ಯಾರ ಹೆಸರೂ ಇಲ್ಲ

ಕೊಳ್ಳೇಗಾಲದ ನೇಕಾರ ಬೀದಿಯ ಶಂಕರಮ್ಮ ಲಾಳಿ ಎಸೆದರೆ ಅದು ಆ ತುದಿ ಮುಟ್ಟಿ ಈ ಕಡೆ ಬರುವಷ್ಟರಲ್ಲಿ ಅರ್ಧ ಸೀರೆ ಮುಗಿದಿರುತ್ತಿತ್ತು. ಆಕೆ ಕೂತ ಮಗ್ಗದ ಸದ್ದಿಗೆ ಯಳಂದೂರಿನಲ್ಲಿ ಮಕ್ಕಳು ತೊಟ್ಟಿಲಲ್ಲಿ ತಾವೇ ತೂಗಿಕೊಂಡು ನಿದ್ದೆ ಹೋಗುತ್ತಿದ್ದವು. ನಂಬದವರು ಆ ಮಕ್ಕಳನ್ನು ಕೇಳಬಹುದು. ಈಗ ದೊಡ್ಡವರಾಗಿದ್ದಾರೆ, ಸುಳ್ಳು ಹೇಳುವ ವಯಸ್ಸೂ ಆಗಿದೆ.

ಇಂಥ ಶಂಕರಮ್ಮ ಎದುರು ಹಾಕಿಕೊಂಡದ್ದು ಹನೂರಿನ ಕಂಟ್ರಾಕ್ಟರ್ ಚಿನ್ನಸ್ವಾಮಿಯನ್ನು. ಅಜ್ಜೀಪುರದಿಂದ ಯಳಂದೂರಿನವರೆಗೆ ಅವನ ಮುಖದ ಫ್ಲೆಕ್ಸ್ ಇಲ್ಲದ ಲೈಟು ಕಂಬ ಒಂದೂ ಇರಲಿಲ್ಲ. ಯುಗಾದಿಯ ಶುಭಾಶಯ ದೀಪಾವಳಿ ಕಳೆದರೂ ಇಳಿಯುತ್ತಿರಲಿಲ್ಲ. ಲೊಕ್ಕನಹಳ್ಳಿ ಹತ್ತಿರ ರಾಗಿ ತಿನ್ನಲು ಬಂದ ಒಂಟಿ ಸಲಗವೊಂದು ಫ್ಲೆಕ್ಸಿನಲ್ಲಿದ್ದ ಅವನ ಮೀಸೆಯನ್ನು ನೋಡಿ, ತನಗಿಂತ ದೊಡ್ಡ ದಂತದವನು ಮೊದಲೇ ಬಂದು ನಿಂತಿದ್ದಾನೆ ಎಂದುಕೊಂಡು ಕಾಡಿಗೆ ವಾಪಸಾಯಿತಂತೆ.

ಆ ವರ್ಷ ಬೀದಿಯವರು ನಾಟಕ ಆಡಲು ಹೊರಟಿದ್ದರು. ಬೀದಿಯವರೇ ಕಟ್ಟಿದ ಕಥೆ: ಒಬ್ಬ ರಾಜ, ಒಬ್ಬ ಮಂತ್ರಿ, ಒಬ್ಬ ರಾಕ್ಷಸ, ನಡುವೆ ಅಳುವುದಕ್ಕೆ ಒಬ್ಬಳು ರಾಜಕುಮಾರಿ. ಒಬ್ಬರು ಕಂಬ ಕೊಟ್ಟರು, ಒಬ್ಬರು ಹಲಗೆ ಕೊಟ್ಟರು, ಆಟೋ ಓಡಿಸುವ ಉಮೇಶ ತನ್ನ ಹೊಟ್ಟೆಯನ್ನೇ ರಾಕ್ಷಸನಿಗೆ ಕೊಟ್ಟ. ಬಾಕಿ ಇದ್ದದ್ದು ಅಂಕದ ಪರದೆ, ಅಂದರೆ ಎಲ್ಲಕ್ಕಿಂತ ಮುಂದೆ ಇಳಿಬಿಡುವ ದೊಡ್ಡ ಪರದೆ. ಆ ವಿಚಾರ ಮಾತಾಡುತ್ತಿದ್ದಾಗಲೇ ಚಿನ್ನಸ್ವಾಮಿಯ ಕಾರು ಬೀದಿಗೆ ಬಂತು.

"ಬಾಡಿಗೆ ಪರದೆಗೆ ಯಾಕ್ರಪ್ಪ ಒದ್ದಾಡೀರಿ? ನಾನು ಕೊಟ್ಟೆ ಅಂತ ತಿಳ್ಕಳಿ," ಎಂದು ಅವನು ಫೋನಿನಲ್ಲಿ ಚಿತ್ರ ತೋರಿಸಿದ.

ಚಿತ್ರದ ತುಂಬ ಅವನ ಮುಖ. ನಾಟಕದ ಹೆಸರು ಕೆಳಗೆಲ್ಲೋ, ಅಂಗಿಯ ಗುಂಡಿಯ ಪಕ್ಕದಲ್ಲಿತ್ತು.

ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ನಾಗರಾಜು ಗಂಟಲು ಸರಿಮಾಡಿಕೊಂಡರು. "ಸಾ, ಒಳಗೆ ರಾಜಕುಮಾರಿ ಅಳ್ತಾ ಇರ್ತಾಳೆ. ಪರದೆ ಬಿದ್ದೇಟ್ಗೆ ನೀವು ಅಲ್ಲು ಕಿರ್ಕಂಡು ಬಂದ್ರೆ..."

"ಅತ್ತು ಸಾಕಾದ ಜನ ಒಸಿ ನಗಬ್ಯಾಡ್ವಾ ಮೇಷ್ಟ್ರೇ?"

ಗಂಡಸರೆಲ್ಲ ನಕ್ಕರು. ಪುಕ್ಕಟೆ ಬಂದದ್ದನ್ನು ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಶಂಕರಮ್ಮ ಮಗ್ಗದ ಗುಂಡಿಯಿಂದ ಎದ್ದು ಬಾಗಿಲಿಗೆ ಬಂದಳು.

"ಬ್ಯಾಡ," ಅಂದಳು.

"ಯಾಕಕ್ಕ?"

"ನಿಮ್ ಮೊಕ ದಿನಾ ನೋಡ್ತೀವಿ ಚಿನ್ನಸ್ವಾಮಣ್ಣ. ಸಂತೆಗೋದ್ರೂ ನೀವೇ, ಆಸ್ಪತ್ರೆಗೋದ್ರೂ ನೀವೇ. ನಮ್ ಬೀದಿ ನಾಟ್ಕಕ್ಕೆ ನಮ್ ರೇಷ್ಮೆ ಪರದೆ. ಮನೆಮನೇಲೂ ಕೊಟ್ಟಷ್ಟು ತುಂಡು. ಯಾರೆಸ್ರೂ ಬರ‍್ಯಂಗಿಲ್ಲ."

"ಎಸ್ರಿಲ್ದೆ ಯಾರಕ್ಕ ಕೊಟ್ಟಾರು?"

"ಕೊಡ್ನಿಲ್ಲ ಅಂದ್ರೆ, ಇಲ್ಲಾ ಪರದೆ ಕೆಟ್ಟೋದ್ರೆ, ನಿಮ್ ಮೊಕ ಮ್ಯಾಕೆತ್ತೋ ಅಗ್ಗಾನ ನಾನೇ ಎಳೀತೀನಿ. ಊರ ಮುಂದ. ಸಾಕಾ?"

ಚಿನ್ನಸ್ವಾಮಿ ಮೀಸೆ ತೀಡಿದ. ಶಂಕರಮ್ಮ ತನ್ನ ಕೈಯಾರೆ ಅವನ ಮುಖ ಮೇಲೆತ್ತುವ ದೃಶ್ಯ ಅವನಿಗೆ ಆಗಲೇ ಕಣ್ಣಿಗೆ ಕಟ್ಟಿತ್ತು. ಫ್ಲೆಕ್ಸ್ ಪ್ರಿಂಟು ಹಾಕಿಸಿಕೊಂಡೇ ಬರುತ್ತೇನೆ ಎಂದು ಕಾರು ಹತ್ತಿದ.

ಸೀರೆ ಕತ್ತರಿಸಿದ ಮೇಲೆ ಪ್ರತಿ ಮಗ್ಗದಲ್ಲೂ ಚೂರುಪಾರು ರೇಷ್ಮೆ ಉಳಿಯುತ್ತದೆ. ಅದನ್ನು ಯಾರೂ ಬಿಸಾಡುವುದಿಲ್ಲ, ಯಾರೂ ಬಳಸುವುದೂ ಇಲ್ಲ. ಶಂಕರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು ನೋಡಿ, ಟ್ರಂಕುಗಳು ತಾವೇ ಬಾಯಿ ಬಿಟ್ಟವು. ಅರಿಸಿನ, ಕುಂಕುಮ, ಗಿಳಿಹಸಿರು, ಹೆಸರೇ ಇಲ್ಲದ ಬಣ್ಣಗಳು ಬಂದವು. ಮೊದಲ ದಿನ ಗೊಣಗಿಕೊಂಡು ಕೊಟ್ಟವರು ಮಾರನೆಯ ದಿನ ಸೂಜಿ ಹಿಡಿದು ಜಗುಲಿಗೆ ಬಂದು ಕೂತರು. ನಲ್ಲಿ ನೀರಿಗೆ ಜಡೆ ಹಿಡಿದು ಎಳೆದಾಡಿದ್ದ ಇಬ್ಬರು ಒಂದೇ ಹೊಲಿಗೆಯನ್ನು ಎರಡು ತುದಿಯಿಂದ ಹಾಕಿಕೊಂಡು ಬಂದು ನಡುವೆ ಸಿಕ್ಕಿ, ಬೇರೆ ದಾರಿಯಿಲ್ಲದೆ ಮಾತಾಡಿದರು.

ಆದರೂ ಪರದೆಯ ನಡುವೆ ಒಂದು ದೊಡ್ಡ ಕಿಂಡಿ ಉಳಿಯಿತು. ಅದನ್ನು ತುಂಬಲು ಒಂದೇ ಒಂದು ವಸ್ತು ಇತ್ತು: ಶಂಕರಮ್ಮ ತನಗಾಗಿ ನೇಯ್ದುಕೊಂಡಿದ್ದ ನೇರಳೆ ಸೀರೆ. ಯಳಂದೂರಿನ ನಾದಿನಿ ಪ್ರೇಮಾಳ ಗೃಹಪ್ರವೇಶಕ್ಕೆ ಉಟ್ಟುಕೊಂಡು ಹೋಗಿ, ಅವಳು ಮನೆ ತೋರಿಸುವುದನ್ನೇ ಮರೆಯುವ ಹಾಗೆ ಮಾಡಬೇಕು ಎಂದು ಶಂಕರಮ್ಮ ವರ್ಷವಿಡೀ ಹೊಂಚಿದ್ದಳು.

ಅದರ ಮಡಿಕೆ ಬಿಚ್ಚುವಾಗ ಗಂಡ ರಂಗಸ್ವಾಮಿ ಮಗ್ಗ ನಿಲ್ಲಿಸಿದ.

"ಲೇ, ಅದ್ನೂ ಕೊಟ್ಬುಟ್ಟು ಗೃಹಪ್ರವೇಶಕ್ಕೆ ಏನ್ ಉಟ್ಕಂಡೋಯ್ತೀಯ?"

"ಅಳೇದು."

"ಜನ ನಗ್ತಾರೆ ಕಣಮ್ಮಿ."

"ನಗ್ಲಿ. ಒಂದಿನ ಉಟ್ಟು ವರ್ಷಾನುಗಟ್ಲೆ ಪೆಟ್ಟಿಗೇಲಿ ಮಡುಗ್ತಿದ್ದೆ. ಈಗ ಊರೇ ಉಟ್ಕಂಡಂಗಾಯ್ತದೆ."

ಅಂದದ್ದು ಅಷ್ಟೇ. ಸೀರೆ ಪರದೆಗೆ ಸೇರಿದ ಮೇಲೆ ಅವಳಿಗೇನಾಯಿತೋ, ಮೈ ಹಗುರಾಗಿ ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಊಟಕ್ಕೆ ಕೂತರೆ ರಂಗಸ್ವಾಮಿಯ ಪಾಲಿನ ಮುದ್ದೆಯೂ ಕಾಣೆಯಾಗುತ್ತಿತ್ತು. ಕೊಟ್ಟು ಕಳೆದುಕೊಂಡವಳು ಇಷ್ಟು ಉಬ್ಬಬಾರದು ಅಂತ ಅವನಿಗೆ ಅನುಮಾನ. ಎರಡು ಸಲ ಹಣೆ ಮುಟ್ಟಿ ಜ್ವರ ನೋಡಿದ.

ನಾಟಕದ ದಿನ ಸಂಜೆ ಬಯಲಿನಲ್ಲಿ ಜನವೋ ಜನ. ಹನೂರಿನ ಕಡೆಯ ಬಸ್ಸುಗಳು ತುಂಬಿ, ಲೊಕ್ಕನಹಳ್ಳಿಯವರು ಟ್ರ್ಯಾಕ್ಟರಿನಲ್ಲಿ ಬಂದರು. ದೂರದ ಕಾಡಿನಾಚೆಯ ಗೋಪಿನಾಥಂನಿಂದ ಹೊರಟವರು ಮಾತ್ರ ಇನ್ನೂ ಬಸ್ಸು ಕಾಯುತ್ತಿರಬೇಕು. ಚಿನ್ನಸ್ವಾಮಿ ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಸುತ್ತಿದ ಫ್ಲೆಕ್ಸ್ ಅವನ ಕಾಲ ಬಳಿ ದಿಂಡಿನ ಹಾಗೆ ಬಿದ್ದಿತ್ತು.

ಪರದೆ ಇಳಿಬಿಟ್ಟರು. ರಂಗದ ಬೆನ್ನು ಪಡುವಣಕ್ಕೆ; ಇಳಿಹೊತ್ತಿನ ಸೂರ್ಯ ಸರಿಯಾಗಿ ಹಿಂದೆ. ಬೀದಿಯ ನೇಕಾರರೆಲ್ಲ ಹುಟ್ಟಿದಾಗಿನಿಂದ ಬಟ್ಟೆಯನ್ನು ಬೆಳಕಿಗೆ ಹಿಡಿದೇ ನೋಡಿದವರು, ಎಳೆ ತಪ್ಪಿದೆಯೇ ಅಂತ. ಎಳೆ ನೋಡುವ ಕಣ್ಣಿಗೆ ಆಚೆಗೇನು ಕಾಣುತ್ತದೆ ಅನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ. ಈಗ ತೆಳು ರೇಷ್ಮೆಯ ಆಚೆಗಿದ್ದದ್ದೆಲ್ಲ ಊರಿಗೆ ಕಂಡಿತು. ರಾಜ ಪಟ್ಟಾಪಟ್ಟಿ ಚಡ್ಡಿಯಲ್ಲಿ ಕಿರೀಟ ಹಾಕಿಕೊಂಡು ನಿಂತಿದ್ದ. ರಾಜಕುಮಾರಿ ರಾಕ್ಷಸನ ಹೊಟ್ಟೆಗೆ ಪಂಚೆ ಬಿಗಿಯುತ್ತಿದ್ದಳು. ಮಂತ್ರಿ ಯಾರದೋ ಚಿತ್ರಾನ್ನ ಕದ್ದು ತಿನ್ನುತ್ತಿದ್ದ.

ಬಯಲು ಬಿದ್ದು ಬಿದ್ದು ನಕ್ಕಿತು. ಲೊಕ್ಕನಹಳ್ಳಿಯ ದೊಡ್ಡಮಾದಯ್ಯ ನಿಂತುಕೊಂಡು, "ಮಂತ್ರಿಗಳೇ, ಒಸಿ ನೀರು ಕುಡೀರಿ," ಎಂದು ಕೂಗಿದ.

"ಒತ್ತು ಮುಳುಗೋಗಂಟ ತಡೆಯವಾ?" ಎಂದ ರಂಗಸ್ವಾಮಿ.

"ಒಳಗೆ ಫೋಕಸ್ ಲೈಟು ಆಕ್ತೀವಲ್ಲಪ್ಪ," ಎಂದರು ನಾಗರಾಜು ಮೇಷ್ಟ್ರು. "ಆಗ ಅವನ ಚಿತ್ರಾನ್ನದ ಕಡ್ಲೆಬೀಜನೂ ಎಣಿಸ್ಬೌದು."

ಚಿನ್ನಸ್ವಾಮಿ ಎದ್ದು ಮೈಕು ಹಿಡಿದ. "ಶಂಕ್ರಮ್ಮಕ್ಕ, ಕೊಟ್ಟ ಮಾತು ಗ್ಯಾಪಕ ಅದಾ? ಬನ್ನಿ, ಅಗ್ಗ ಇಡ್ಕಳಿ."

ನಗು ನಿಂತಿತು. ರೇಷ್ಮೆ ಕೊಟ್ಟ ಹೆಂಗಸರು ಅವಳ ಕಡೆ ನೋಡಿದರು. ತುಂಡುಗಳನ್ನು ವಾಪಸು ಕೇಳುವ ನೋಟವಲ್ಲ ಅದು, ಅದಕ್ಕಿಂತ ಕಷ್ಟದ್ದು. ಹುಡುಗರು ಆಗಲೇ ಫ್ಲೆಕ್ಸ್ ಉರುಳಿಸಿ ಬಿಚ್ಚುತ್ತಿದ್ದರು. ಮುಖ ನೆಲಕ್ಕೆ, ಬೆನ್ನು ಮೇಲಕ್ಕೆ ಬಿತ್ತು. ದುಡ್ಡಿದ್ದವನು ಮಾಡಿಸಿದ್ದು, ದಪ್ಪ ಮಾಲು. ಹಿಂಬದಿ ಕಾಡಿಗೆಯಷ್ಟು ಕಪ್ಪು. ಶಂಕರಮ್ಮ ಬಗ್ಗಿ ಒಂದು ಅಂಚು ಎತ್ತಿ, ಅಭ್ಯಾಸದ ಹಾಗೆ ಬೆಳಕಿಗೆ ಹಿಡಿದಳು. ಒಂದು ಚೂರು ಬೆಳಕೂ ದಾಟಲಿಲ್ಲ.

ಅವಳು ಹೋಗಿ ಮೈಕು ಕಿತ್ತುಕೊಂಡಳು.

"ಚಿನ್ನಸ್ವಾಮಣ್ಣ, ಇದು ಕೊಟ್ಟಿದ್ದಾ? ಇಲ್ಲಾ ನಾಳೆ ವಾಪಸ್ ಕೇಳೀರಾ?"

"ಕೊಟ್ಟಿದ್ದು ಕಣಕ್ಕ. ಇಸ್ಕಳೋ ಮನ್ಸ ಅಲ್ಲ ನಾನು." ಚಪ್ಪಾಳೆ ಬಿತ್ತು. ಅವನು ನಾಲ್ಕೂ ಕಡೆ ಕೈ ಮುಗಿದ.

"ಊರಿಗೇ ತಾನೆ?"

"ಊರಿಗೇ."

"ಕೇಳುಸ್ಕಂಡ್ರಾ ಎಲ್ಲಾರೂ? ಊರಿಗೆ ಕೊಟ್ಟೋರು, ಊರು ಎಂಗ್ ಕಟ್ಟುದ್ರೂ ಒಪ್ಕಬೇಕು." ಅವಳು ರಂಗದ ಕಡೆ ತಿರುಗಿದಳು. "ಉಮೇಶ, ಇದ ರೇಷ್ಮೆ ಇಂದಕ್ಕೆ ಜೋಡಿಸ್ಲಾ. ಬೆನ್ನು ಜನಕ್ಕೆ, ಮೊಕ ನಿಮ್ ಕಡಿಕೆ."

ರಾಕ್ಷಸ ಅರ್ಧ ಪಂಚೆಯಲ್ಲೇ ಓಡಿ ಬಂದ. ಎರಡನ್ನೂ ಸೇರಿಸಿ ಬಿಗಿದರು. ಕಪ್ಪಿನ ಮುಂದೆ ರೇಷ್ಮೆ ಎದ್ದು ನಿಂತಿತು ನೋಡಿ, ಮುಳುಗುತ್ತಿದ್ದ ಸೂರ್ಯ ಇನ್ನು ಇಲ್ಲಿ ತನಗೇನು ಕೆಲಸ ಎಂದು ಬೇಗ ಬೇಗ ಇಳಿದುಹೋದ. ದೀಪ ಹಾಕಿದರು. ನಡುವೆ ನೇರಳೆ, ಸುತ್ತ ನೂರೆಂಟು ಬಣ್ಣ. ಬಯಲಿನ ಮೂಲೆಮೂಲೆಯಿಂದ ಬೆರಳುಗಳು ಎದ್ದವು. "ಅಗೋ ಆ ಅಸ್ರು ನಮ್ದು." "ಅದರ ಪಕ್ಕದ್ದು ನಮ್ಮತ್ತೇದು." ಹೆಸರು ಬರೆದಿದ್ದರೆ ಓದಿ ಸುಮ್ಮನಾಗುತ್ತಿದ್ದರು, ಬರೆಯದೆ ಇದ್ದದ್ದಕ್ಕೆ ಪಕ್ಕದವರನ್ನು ತಿವಿದು ತಿವಿದು ಹೇಳಬೇಕಾಯಿತು.

ಚಿನ್ನಸ್ವಾಮಿಯ ಮೀಸೆ ಇಳಿದಿತ್ತು. "ನನ್ ಮೊಕ ಇಂದ್ಗಡೆ ಯಾರ‍್ ನೋಡ್ತಾರಕ್ಕ?"

"ನನ್ ಸೀರೇಲಿ ನನ್ನೆಸ್ರು ಅದಾ, ನೋಡಿ. ಕುಂತ್ಕಳಿ. ಮಾತು ಕೊಟ್ಟಿದ್ದೆ, ಅಗ್ಗ ನಾನೇ ಎಳೀತೀನಿ."

ಅವನು ಎದ್ದು ಹೋಗುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡಮಾದಯ್ಯನ ಕಡೆ ಬಗ್ಗಿ, "ಬಣ್ಣ ಇಂಗ್ ಎದ್ದು ಕಾಣ್ತದಲ್ಲ, ಯಾಕೆ ಗೊತ್ತಾ? ಇಂದ್ಗಡೆ ಕಪ್ಪು. ನಂದು," ಎಂದ. ಆಮೇಲೆ ಅದನ್ನೇ ಹಿಂದಿನ ಸಾಲಿಗೂ ತಿರುಗಿ ಹೇಳಿದ.

ಶಂಕರಮ್ಮ ಹಗ್ಗ ಎಳೆದಳು. ಪರದೆ ಮೇಲೇರಿತು. ನಾಟಕ ಶುರುವಾಯಿತು. ರಾಜ ಗುಡುಗಿದ, ರಾಜಕುಮಾರಿ ಅತ್ತಳು, ರಾಕ್ಷಸನ ಹೊಟ್ಟೆಗೆ ಸಿಳ್ಳೆ ಬಿತ್ತು. ಜನ ಬಾಯಿ ಬಿಟ್ಟು ನೋಡಿದರು. ಪಕ್ಕದಲ್ಲಿ ನಿಂತ ಶಂಕರಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ. ರಾಜ ದೊಡ್ಡ ಮಾತಿನ ನಡುವೆ ಉಸಿರು ಎಳೆದುಕೊಳ್ಳಲು ನಿಲ್ಲಿಸಿದ್ದೇ ತಡ, ಅವಳು ಹಗ್ಗ ಸಡಿಲ ಬಿಟ್ಟಳು. ಪರದೆ ಜರ‍್ರನೆ ಇಳಿದು ಅವನನ್ನು ನುಂಗಿತು. ಬಯಲು ಎದ್ದು ಚಪ್ಪಾಳೆ ತಟ್ಟಿತು.

ಹಾರ್ಮೋನಿಯಂ ಬಿಟ್ಟು ಮೇಷ್ಟ್ರು ಓಡಿ ಬಂದರು. "ಏನಕ್ಕ ಇದು? ಅಂಕ ಮುಗ್ದಿಲ್ಲ. ಅವನದಿನ್ನೂ ಒಂದು ಆಡು ಅದೆ."

"ಇರ‍್ಲಿ ಮೇಷ್ಟ್ರೇ. ಆಡು ಎಲ್ಲೂ ಓಗಲ್ಲ," ಅಂದಳು ಶಂಕರಮ್ಮ, ಹಗ್ಗವನ್ನು ಅವರ ಕೈಗೆ ಸಿಗದಂತೆ ಹಿಂದಕ್ಕೆ ಹಿಡಿದು. "ಜನ ಪರದೇನ ಇನ್ನೊಂದು ಸಲ ನೋಡ್ಕಳ್ಳಿ."