ನೂರಕ್ಕೆ ಐದು

"ನೂರಕ್ಕೆ ಐದು. ಆರು ಸಲ ಲೆಕ್ಕ ಹಾಕಿದೆ ರೀ, ಐದೇ ಬಂತು." ಪೆಟ್ರೋಲ್ ಬಂಕಿನ ನೆರಳಿನಲ್ಲಿ ಕಾರಿನ ಬಾನೆಟ್ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಹೆಂಡತಿ ಹೇಳಿದಳು. ಹೇಳಿದ ಮೇಲೂ ಪೆನ್ಸಿಲ್ ಕೆಳಗಿಡಲಿಲ್ಲ.

"ಐದು ಅಂದ್ಮೇಲೆ ಐದು. ಏಳನೇ ಸಲಕ್ಕೆ ಬೆಟ್ಟ ಏನು ಕರಗುತ್ತಾ?" ಗಂಡ ಕಾರಿಗೂ ಟ್ರೇಲರಿಗೂ ನಡುವಿನ ಕೊಂಡಿಯನ್ನು ಕಾಲಿನಿಂದ ಒದ್ದು ನೋಡಿದ.

ಟ್ರೇಲರ್ ಅಂದರೆ ಎರಡು ಮಂಚ, ಒಂದು ಒಲೆ, ಒಂದು ಕಿಟಕಿಯ ಪುಟ್ಟ ಮನೆ. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಅವನೇ ಕಟ್ಟಿದ್ದು. ಬೆಟ್ಟದಾಚೆ ಮಗಳಿಗೆ ದಿನ ತುಂಬಿತ್ತು. ಅವಳದು ಒಂದೇ ಕೋಣೆ. ಹೋದವರಿಗೆ ಇರಲು ಜಾಗ ಬೇಕಲ್ಲ ಎಂದು ಮನೆಯನ್ನೇ ಎಳೆದುಕೊಂಡು ಹೊರಟಿದ್ದರು. ಸುತ್ತುದಾರಿ ಹಿಡಿದರೆ ಒಂದೂವರೆ ದಿನ ಹೆಚ್ಚು. "ಅಮ್ಮ, ಬೆಳಿಗ್ಗೆಯಿಂದ ಬೆನ್ನು ಹಿಡ್ಕೊಂಡಿದೆ, ಎಲ್ಲಿದೀರಾ?" ಎಂದು ಮಗಳು ಆಗಲೇ ಎರಡು ಸಲ ಫೋನ್ ಮಾಡಿದ್ದಳು.

ಘಾಟಿ ಎಷ್ಟು ಕಡಿದು ಎಂಬುದು ಫೋನಿನಲ್ಲಿ ಎಷ್ಟು ಜಾಲಾಡಿದರೂ ಸಿಗಲಿಲ್ಲ. ದೂರ ಸಿಕ್ಕಿತು, ಎತ್ತರ ಸಿಕ್ಕಿತು. ಗಣಿತದ ಟೀಚರಾಗಿದ್ದವಳಿಗೆ ಅಷ್ಟು ಸಾಕಿತ್ತು: ಆಚೆ ಬದಿ ಇಪ್ಪತ್ತು ಕಿಲೋಮೀಟರಿನಲ್ಲಿ ಸಾವಿರ ಮೀಟರ್ ಇಳಿತ, ಅಂದರೆ ನೂರು ಮೀಟರಿಗೆ ಐದು ಮೀಟರ್. ನೂರಕ್ಕೆ ಎಂಟರ ತನಕ ತಮ್ಮ ಕಾರು ಟ್ರೇಲರಿನ ಭಾರ ತಡೆದೀತು ಎಂದು ಗಂಡನ ಅಂದಾಜು. ಆದರೂ ಅವಳು ಪಕ್ಕದಲ್ಲಿ ಗಾಳಿ ತುಂಬಿಸುತ್ತಿದ್ದ ಹಾಲಿನ ಟ್ಯಾಂಕರ್ ಡ್ರೈವರಿಗೆ ನೋಟ್‌ಬುಕ್ ತೋರಿಸಿದಳು.

ಅವನು ಕಿವಿ ಕೆರೆದುಕೊಂಡ. "ಲೆಕ್ಕ ಸರಿಯಾಗೇ ಇದೆ ಅಮ್ಮ. ಆದ್ರೆ ಮೇಲೆಲ್ಲ ನಿದ್ದೆ ಬರೋ ರಸ್ತೆ. ಕೊನೇ ಮೂರು ಕಿಲೋಮೀಟರಲ್ಲಿ ನೂರಕ್ಕೆ ಹನ್ನೆರಡು."

ಅವಳು ಪೆನ್ಸಿಲ್ ಕೆಳಗಿಟ್ಟಳು. ತಾನು ತೆಗೆದ ಐದು ಬರೀ ಸರಾಸರಿ. ಕ್ಲಾಸಿನ ಸರಾಸರಿ ಐವತ್ತು ಬಂದರೂ ಸೊನ್ನೆ ತೆಗೆದವನು ಒಬ್ಬ ಒಳಗೇ ಇರುತ್ತಾನೆ ಎಂದು ಹೆಡ್‌ಮಾಸ್ಟರರ ಹತ್ತಿರ ವರ್ಷವರ್ಷವೂ ವಾದಿಸಿದವಳೇ ಅವಳು.

"ಮೂವತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ," ಎಂದ ಗಂಡ.

"ಹಿಂದೆ ಮನೆ ಕಟ್ಕೊಂಡಾ, ಯಜಮಾನ್ರೇ?" ಎಂದು ಡ್ರೈವರ್ ಕೇಳಿದ.

ಗಂಡ ಟ್ರೇಲರಿನ ಕಡೆ ತಿರುಗಿ ನೋಡಿದ. ಕಾರಿನೊಳಗೆ ಫೋನ್ ಮತ್ತೆ ಬಡಿದುಕೊಳ್ಳತೊಡಗಿತು.

"ಕೊಂಡಿ ಬಿಚ್ಚಿ ರೀ," ಎಂದಳು ಹೆಂಡತಿ.

"ಮಲಗೋದೆಲ್ಲಿ?"

"ನೆಲದ ಮೇಲೆ. ಒಂದು ವಾರ ಮಲಗಿದ್ರೆ ಯಾರ ಬೆನ್ನೂ ಮುರಿಯಲ್ಲ. ಮೊದ್ಲು ನಾವು ಅಲ್ಲಿಗೆ ಮುಟ್ಟಬೇಕು."

ಅವನು ಟ್ರೇಲರಿನ ಚಕ್ರಗಳಿಗೆ ಕಲ್ಲು ಕೊಟ್ಟ, ಬಾಗಿಲಿಗೆ ಬೀಗ ಹಾಕಿದ, ನೋಡಿಕೊಳ್ಳಲು ಬಂಕಿನವನಿಗೆ ಮೂರು ಸಲ ಹೇಳಿದ. ಡ್ರೈವರೂ ಕೈ ಹಾಕಿ ಕೊಂಡಿ ಬಿಡಿಸಿದ.

ಬೆಟ್ಟದ ನೆತ್ತಿ ದಾಟುತ್ತಲೇ ಸಿಗ್ನಲ್ ಹೋಯಿತು. ಹೆಂಡತಿ ಫೋನನ್ನು ಮಡಿಲಲ್ಲಿ ಹಿಡಿದುಕೊಂಡೇ ಕುಳಿತಳು. ಕೊನೆಯ ಮೂರು ಕಿಲೋಮೀಟರ್ ಬಂದಾಗ ರಸ್ತೆ ಮೂಗಿನ ಮುಂದೆಯೇ ಕೆಳಗೆ ಬಿದ್ದು ಹೋದಂತೆ ಕಂಡಿತು. ಗಂಡ ಗೇರ್ ಇಳಿಸಿದ. ಒಂದೊಂದು ತಿರುವಿನಲ್ಲೂ ಅವನು, ಹಿಂದೆ ಇನ್ನೂ ಮನೆ ಬರುತ್ತಿದೆ ಎಂಬಂತೆ, ಅದಕ್ಕೆ ಬೇಕಾದಷ್ಟು ಜಾಗ ಬಿಟ್ಟು ಅಗಲವಾಗಿ ಬಳಸಿ ಕಾರನ್ನು ತಿರುಗಿಸುತ್ತಿದ್ದ.