ನಕಾಶೆಯೊಳಗಿನ ಹೊಳೆ

“ಏ ದುರ್ಗಿ, ಕೊಡ ಆಕಡಿ ಸರಸಬೇ. ನಿನ್ನ ನೆಳ್ಳು ಹಗ್ಗದ ಮ್ಯಾಲ ಬಿದ್ರ ನೀರೆಲ್ಲ ಬಳದು ಬಾವಿ ಯಾರ್ ಶುದ್ಧ ಮಾಡ್ತಾರ, ನಿಮ್ಮಪ್ಪ ಬರ್ತಾನೇನ?”

ಬಾವಿಕಟ್ಟೆಯ ಮೇಲೆ ಕೋಲು ಊರಿಕೊಂಡು ಕುಳಿತ ಗುರುಲಿಂಗಪ್ಪ ಗೌಡ ಬೈದ. ನನ್ನ ಅವ್ವ ದುರ್ಗವ್ವ ಕೊಡವನ್ನು ಎರಡು ಮೊಳ ಹಿಂದೆ ಸರಿಸಿದಳು. ನಾನೂ ಸರಿಸಿದೆ. ನಮ್ಮ ಹಿಂದೆ ಕೇರಿಯ ಇನ್ನೂ ಎಂಟು ಹೆಣ್ಣುಮಕ್ಕಳು ಸರಿಸಿದರು. ಹೊತ್ತು ಹುಟ್ಟಿದಾಗಿನಿಂದ ಹೀಗೆ ಸರಿಸಿ ಸರಿಸಿ ಬೇವಿನ ಗಿಡದ ಬುಡಕ್ಕೆ ಬಂದಿದ್ದೆವು.

ಊರ ಬಾವಿಯ ಹಗ್ಗ ನಾವು ಮುಟ್ಟುವಂತಿರಲಿಲ್ಲ. ಯಾರಾದರೂ ಸೇದಿ, ಮೇಲಿನಿಂದ ನಮ್ಮ ಕೊಡಕ್ಕೆ ಹೊಯ್ಯಬೇಕು. ಹೊಯ್ದರೆ ಪುಣ್ಯ ಅವರದು, ಹೊಯ್ಯದಿದ್ದರೆ ಕರ್ಮ ನಮ್ಮದು. ಶಾಲೆಗೆ ನೀರು ತುಂಬುವ ಚಮನಸಾಬ ಹಿಂದಿನ ಮೂರು ದಿನ ಅಷ್ಟಿಷ್ಟು ಹೊಯ್ದಿದ್ದ. ಆವತ್ತು ಅವನೂ ನಮ್ಮ ಕಡೆ ನೋಡದೆ ಎರಡು ಕೊಡ ತುಂಬಿಕೊಂಡು ಶಾಲೆಯ ಕಡೆ ಹೋದ.

“ಎಪ್ಪಾ, ಒಂದ ಕೊಡ ಹೊಯ್ಸರಿ,” ಅವ್ವ ಅಂದಳು. “ಸೊಸಿ ಹಡದು ಆರ್ ದಿನ ಆತು. ಬಾಣಂತಿಗಿ ಡೋಣಿ ಹಳ್ಳದ ಸವಳ ನೀರು ಕುಡಸಾಕತ್ತೇವ್ರಿ. ನಿನ್ನಿಯಿಂದ ಬರೇ ವಾಂತಿ.”

“ನಾಳಿ ಬಿಜಾಪುರದ ಸಾಹೇಬ್ರು ಬರ್ತಾರ. ಮೊದಲ ಹೊಳಿ ತುಂಬ್ಲಿ. ನಿನ್ನ ಸೊಸಿಗಿ ಈಗ ಹಡಿ ಅಂತ ನಾ ಹೇಳಿದ್ನೇನ?”

ಹೊಳೆ ಅಂದರೆ ಕೃಷ್ಣಾ ಹೊಳೆ. ಅದು ನಮ್ಮೂರ ಶಾಲೆಯ ಬಯಲಿನಲ್ಲಿತ್ತು.

ಅದು ಎಪ್ಪತ್ಮೂರನೆಯ ಇಸವಿ. ನವೆಂಬರ್ ಒಂದಕ್ಕೆ ನಮ್ಮ ರಾಜ್ಯಕ್ಕೆ ಮೈಸೂರು ಎನ್ನುವ ಹೆಸರು ಹೋಗಿ ಕರ್ನಾಟಕ ಎನ್ನುವ ಹೆಸರು ಬರುವುದಿತ್ತು. ಹೆಡ್ ಮಾಸ್ತರ ಬಸಂತರಾಯರು ಬಯಲು ತುಂಬ ರಾಜ್ಯದ ನಕಾಶೆ ಮಾಡಿಸಿದರು. ಮಾಡಿಸಿದರು ಅಂದರೆ ಕೇರಿಯವರು ಮಾಡಿದೆವು, ಬಿಟ್ಟಿ. ಎಂಟು ದಿನ ಎರೆಮಣ್ಣು ತುಳಿದೆವು. ಗರಸುಕಲ್ಲು ಹೊತ್ತು ಸಹ್ಯಾದ್ರಿ ಗುಡ್ಡ ಒಟ್ಟಿದೆವು. ಪಡುವಲ ಸಮುದ್ರಕ್ಕೆ ಬಟ್ಟೆಯ ನೀಲಿ ಬಳಿದೆವು. ಕೊಡಗಿನ ಮೇಲೆ ಕಾಫಿ ಬೀಜ, ಮೈಸೂರಿನ ಮೇಲೆ ಗಂಧದ ಚಕ್ಕೆ, ಕೋಲಾರದ ಮೇಲೆ ಚಿನ್ನದ ಬದಲು ಗೌಡರ ಮನೆಯ ಹಿತ್ತಾಳೆ ಗುಂಡಿ. ನಮ್ಮ ಜಿಲ್ಲೆಯ ಪಾಲಿಗೆ ಒಂದು ಬೊಗಸೆ ಬಿಳಿಜೋಳ. ಅದನ್ನು ಗುಬ್ಬಿ ತಿನ್ನದಂತೆ ಕಾಯಲೂ ನಮ್ಮನ್ನೇ ನಿಲ್ಲಿಸಿದ್ದರು.

ನಡುವೆ ಗೇಣಗಲದ ಕಾಲುವೆ ತೋಡಿ ಕೃಷ್ಣೆಯನ್ನು ಹರಿಸಿದರು. ಆಲಮಟ್ಟಿಯಲ್ಲಿ ಅಡ್ಡ ಕಲ್ಲಿಟ್ಟು, ಹಿಂದೆ ಎಮ್ಮೆ ಮಲಗುವಷ್ಟು ಹೊಂಡ. ನಿಜವಾದ ಅಣೆಕಟ್ಟನ್ನು ಇನ್ನೂ ಕಟ್ಟುತ್ತಲೇ ಇದ್ದರು. ನಮ್ಮದು ಎರಡೇ ದಿನದಲ್ಲಿ ಮುಗಿಯಿತು. ಆದರೆ ಎರೆಮಣ್ಣಿಗೆ ಹೊಟ್ಟೆ ದೊಡ್ಡದು, ಎಷ್ಟು ಹೊಯ್ದರೂ ಕುಡಿಯುತ್ತಿತ್ತು.

ಆ ಮಣ್ಣು ಎಲ್ಲಿಯದು? ನಮ್ಮ ಕೇರಿಯ ಬಾವಿಯ ಮಗ್ಗುಲಿನದು. ಅಲ್ಲಿನದು ಜಿಗುಟು ಮಣ್ಣೆಂದು ಗೌಡ ಅಲ್ಲೇ ಅಗೆಸಿದ. ದಂಡೆ ಕುಸಿಯುತ್ತದೆ, ಬೇಡ ಎಂದು ಅವ್ವ ಬಡಕೊಂಡಳು. ಕೇಳುವವರು ಯಾರು? ನಾಲ್ಕು ದಿನದ ಹಿಂದೆ ದಂಡೆ ಕುಸಿದು ಬಾವಿ ಹೂತುಹೋಯಿತು. ನಮ್ಮ ಕೈಯಾರೆ ನಮ್ಮ ಬಾವಿ ಕೆಡವಿ ರಾಜ್ಯ ಕಟ್ಟಿದೆವು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮಧ್ಯಾಹ್ನ ಅವ್ವ ಖಾಲಿ ಕೊಡ ಹಿಡಿದೇ ಶಾಲೆಗೆ ಹೋದಳು. ನಾನು ಹಿಂದೆ ಹೋದೆ. ನಕಾಶೆಯ ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಮುಂಜಾನೆ ಪೂಜಾರಿ ಬಂದು ಗೋಮೂತ್ರ ಚಿಮುಕಿಸಿ ಶುದ್ಧ ಮಾಡಿದ್ದನಂತೆ. ಇನ್ನು ನಾವು ಗೆರೆ ದಾಟಬಾರದು. ಧಾರವಾಡದ ಹತ್ತಿರ ಅವ್ವನ ಹಿಮ್ಮಡಿಯ ಗುರುತು ಒಣಗಿ ಕುಳಿತಿತ್ತು. ಗೋಮೂತ್ರಕ್ಕೆ ಅದು ಅಳಿಸಿರಲಿಲ್ಲ.

“ಮಾಸ್ತರ್ರ, ಇದರಾಗ ನಮ್ಮ ಕೇರಿ ಬಾವಿ ಎಲ್ಲೈತ್ರಿ?” ಅವ್ವ ಕೇಳಿದಳು.

ಬಸಂತರಾಯರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. “ಸಣ್ಣ ಸಣ್ಣವು ಇದರಾಗ ಬರೂದಿಲ್ಲ ದುರ್ಗವ್ವ,” ಎಂದು ಹುಡುಗರ ಕಡೆ ತಿರುಗಿದರು. “ಹೇಳ್ರಿ, ಕೃಷ್ಣಾ ನದಿ ಎಲ್ಲಿ ಹುಟ್ಟತೈತಿ?”

“ಮಹಾಬಳೇಶ್ವರದಾಗ ಸರ್,” ಹುಡುಗರು ಒಂದೇ ದನಿಯಲ್ಲಿ ಒದರಿದರು.

ಮಹಾಬಳೇಶ್ವರ ನಮ್ಮ ರಾಜ್ಯದ ಆಚೆ. ಹಾಗಾಗಿ ಚಮನಸಾಬ ಸುಣ್ಣದ ಗೆರೆಯ ಹೊರಗೆ ನಿಂತು ಕೃಷ್ಣೆಯ ಬಾಯಿಗೆ ಕೊಡ ಬಗ್ಗಿಸುತ್ತಿದ್ದ. ನೀರು ಬೆಳಗಾವಿ ದಾಟಿ ಆಲಮಟ್ಟಿಗೆ ಬಂದು ನಿಲ್ಲುತ್ತಿತ್ತು. ಅವ್ವ ಅದನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಗೌಡನೂ ಅಲ್ಲಿಗೆ ಬಂದ.

“ಗೌಡ್ರ, ಸಾಹೇಬ್ರು ಹೋದ ಮ್ಯಾಲರೆ ಈ ನೀರು ನಮಗ ಕೊಡ್ರಿ.”

“ಸಾಹೇಬ್ರು ಹೋದ ಮ್ಯಾಲ ನಮ್ಮ ಎಮ್ಮಿಗಿ ಕುಡಸ್ತೇನಿ.”

“ಎಮ್ಮಿ ಬಾಯಿ ಹಾಕಿದ್ರ ನಡೀತೈತೇನ್ರಿ?”

“ಎಮ್ಮಿ ಹಾಲ ಕೊಡತೈತಿ, ರಂಡೆ. ನೀ ಏನ ಕೊಡ್ತಿ?”

ಹುಡುಗರು ನಕ್ಕರು. ಮಾಸ್ತರರು ಅವರಿಗೆ ಸುಮ್ಮನಿರಲು ಹೇಳಿದರು, ಗೌಡನಿಗೆ ಏನೂ ಹೇಳಲಿಲ್ಲ. ಅವ್ವ ಖಾಲಿ ಕೊಡ ಹಿಡಿದೇ ಮನೆಗೆ ಬಂದಳು. ಅತ್ತಿಗೆಯ ತುಟಿಗಳು ಒಡೆದಿದ್ದವು. ಕೂಸು ಬತ್ತಿದ ಮೊಲೆ ಚೀಪಿ ಚೀಪಿ ಅಳುತ್ತಿತ್ತು.

ಮರುದಿನ ಮುಂಜಾನೆ ಶಾಲೆಯ ಮುಂದೆ ತೋರಣ, ಪೆಂಡಾಲು, ಕುರ್ಚಿ. ಊರಿನವರೆಲ್ಲ ಮಡಿ ಅಂಗಿ ಹಾಕಿಕೊಂಡು ನಿಂತಿದ್ದರು. ರಾತ್ರಿಯೆಲ್ಲ ಹೊಯ್ದ ನೀರು ಆಲಮಟ್ಟಿಯಲ್ಲಿ ತುಂಬಿ ತುಳುಕುತ್ತಿತ್ತು. ಕೇರಿಯವರಿಗೆ ದೂರದ ಹುಣಸೆಮರದ ಕೆಳಗೆ ಜಾಗ. ಹೆಣ್ಣುಮಕ್ಕಳೆಲ್ಲ ಖಾಲಿ ಕೊಡಗಳನ್ನೂ ತಂದಿದ್ದೆವು. ಅವ್ವ ತರಲು ಹೇಳಿದ್ದಳು, ಯಾಕೆಂದು ಹೇಳಿರಲಿಲ್ಲ.

ಅವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಡ ಹಿಡಿದು ನಡೆದಳು. ಸುಣ್ಣದ ಗೆರೆ ದಾಟಿದಳು. ಮೈಸೂರಿನ ಮೇಲೆ ಕಾಲಿಟ್ಟಳು. ಗಂಧದ ಚಕ್ಕೆ ಸಿಡಿಯಿತು. ಚಿತ್ರದುರ್ಗ, ಬಳ್ಳಾರಿ ತುಳಿದುಕೊಂಡು ಬಡಗಣ ದಿಕ್ಕಿಗೆ ಬಂದಳು.

“ಹಿಡೀರಲೇ ಆಕಿನ್ನ,” ಗೌಡ ಒದರಿದ.

ಯಾರೂ ಹಿಡಿಯಲಿಲ್ಲ. ಹಿಡಿಯಬೇಕೆಂದರೆ ಮುಟ್ಟಬೇಕು. ಮುಟ್ಟಿದವನು ಮೈ ತೊಳೆದುಕೊಂಡು ಬರುವಷ್ಟರಲ್ಲಿ ಸಾಹೇಬರು ಬಂದಿರುತ್ತಾರೆ. ಮಡಿ ಅಂಗಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನೂರಾರು ವರ್ಷ ನಮ್ಮನ್ನು ದೂರ ಇಟ್ಟ ಮೈಲಿಗೆ ಅದೊಂದು ಮುಂಜಾನೆ ಅವ್ವನ ಕಾವಲಿಗೆ ನಿಂತಿತ್ತು.

ಗೌಡ ಕೋಲು ಬೀಸಿ ಎಸೆದ. ಅದು ಅವ್ವನ ಬೆನ್ನಿಗೆ ಬಡಿದು ಹೊಂಡಕ್ಕೆ ಬಿತ್ತು. ಅವ್ವ ಬಾಗಿ ಕೊಡ ಮುಳುಗಿಸಿದಳು. ಕೊಡ ಗುಳುಗುಳು ಎನ್ನುವುದು ಬಯಲಿಗೆಲ್ಲ ಕೇಳಿಸಿತು. ತುಂಬಿದ ಕೊಡವನ್ನು ತಲೆಗೇರಿಸಿ, ಗೌಡನ ಕಡೆ ತಿರುಗಿದಳು.

“ನಿಮ್ಮ ಕೋಲು ನೀರಾಗ ಐತ್ರಿ ಗೌಡ್ರ. ತಗೊಳ್ರಿ.”

ಅವ್ವ ಮುಟ್ಟಿದ ನೀರು. ಗೌಡನ ಕೈ ಮುಂದೆ ಬರಲಿಲ್ಲ.

ನಮ್ಮ ಪಕ್ಕದ ಮನೆಯ ಸಾವಂತ್ರವ್ವ ಓಡಿಬಂದು ಕೊಡ ಇಸಿದುಕೊಂಡಳು. “ಮೊದಲ ಬಾಣಂತಿಗಿ ಕುಡಸು,” ಅವ್ವ ಅಂದಳು. ಆಕೆ ಕೇರಿಯ ಕಡೆ ಓಡಿದಳು. ಆಮೇಲೆ ನಮ್ಮನ್ನು ಯಾರೂ ಕರೆಯಬೇಕಾಗಲಿಲ್ಲ. ಉಳಿದವರೆಲ್ಲ ಕೊಡ ಹಿಡಿದು ಗೆರೆ ದಾಟಿದೆವು. ಬೊಗಸೆ ಜೋಳ ಕಾಲಿಗೆ ಸಿಕ್ಕಿತು. ಹೊಂಡ ಬರಿದಾಗಿ ತಳದ ಕೆಸರು ಕಂಡಿತು, ಕೆಸರಿನಲ್ಲಿ ಗೌಡನ ಕೋಲು.

“ತುಂಬಲೇ ಚಮ್ಯಾ, ಲಗೂನ ತುಂಬು,” ಗೌಡನ ದನಿ ಒಡೆದಿತ್ತು.

ಚಮನಸಾಬ ಮಹಾಬಳೇಶ್ವರದ ಕಡೆ ನಿಂತು ಕೊಡ ಬಗ್ಗಿಸಿದ. ನಾನು ಓಡಿಹೋಗಿ ಕೃಷ್ಣೆಯ ಬಾಯಿಗೆ ಇನ್ನೂ ಖಾಲಿಯಿದ್ದ ನನ್ನ ಕೊಡ ಇಟ್ಟೆ. ನೀರೆಲ್ಲ ಕೊಡದೊಳಗೆ ಬಿತ್ತು. ಹೊಳೆಗೆ ಒಂದು ಹನಿಯೂ ಹೋಗಲಿಲ್ಲ.

“ನಿಂದರಸಲೇ, ಸೂಳಿಮಗನ,” ಗೌಡ ಒದರಿದ.

ಚಮನಸಾಬ ನಿಲ್ಲಿಸಿದ. ಹೊಳೆ ಒಣಗಿಯೇ ಇತ್ತು. ಮನಗೂಳಿ ದಾರಿಯಲ್ಲಿ ಧೂಳು ಎದ್ದಿತು. ಸಾಹೇಬರ ಜೀಪು. ಮಾಸ್ತರರು ಹಾರ ಹಿಡಿದುಕೊಂಡು ಒಮ್ಮೆ ದಾರಿ, ಒಮ್ಮೆ ನಕಾಶೆ ನೋಡಿದರು. ಅವ್ವ ಆಲಮಟ್ಟಿಯ ಕಲ್ಲಿನ ಮೇಲೆ ಕುಳಿತು ಬೆನ್ನು ಸವರಿಕೊಳ್ಳುತ್ತಿದ್ದಳು, ಏಳಲಿಲ್ಲ.

ಚಮನಸಾಬ ಇನ್ನೊಂದು ತುಂಬಿದ ಕೊಡ ಎತ್ತಿ ಹಿಡಿದ. ಅವನು ನೋಡಿದ್ದು ನನ್ನ ಕಡೆ, ಕೇಳಿದ್ದು ಗೌಡನನ್ನು.

“ಹೊಯ್ಲೋ ಬ್ಯಾಡೋ, ಹೇಳ್ರಿ ಗೌಡ್ರ.”

ನಾನು ತುಂಬಿದ ಕೊಡವನ್ನು ಪಕ್ಕಕ್ಕಿಟ್ಟು ಅದೇ ಜಾಗಕ್ಕೆ, ಹೊಂಡದಲ್ಲಿ ನೀರು ಸಿಗದವಳೊಬ್ಬಳ ಖಾಲಿ ಕೊಡ ಇಟ್ಟೆ.